ರಫ್ ಪುಸ್ತಕ ತಾ ಅಂದರು ಮೇಡಂ

ಮಾರ್ಕ್ಸ್ ಕಾರ್ಡ್ ನೋಡಿ ದಾರಿ ಹುಡುಕುವ ಭಾಗ್ಯ ನಮ್ಮ ಬ್ಯಾಚಿಗೆ ಇರಲಿಲ್ಲ. 2021ರಲ್ಲಿ ನಮಗೆ ಸೆಕೆಂಡ್ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಕೊರೊನಾ ಅಂತ ರದ್ದು ಮಾಡಿ, ಎಸ್ಸೆಸ್ಸೆಲ್ಸಿ ಮತ್ತು ಫಸ್ಟ್ ಪಿಯುಸಿಯ ಅಂಕ ಕೂಡಿಸಿ ಎಲ್ಲರನ್ನೂ ಪಾಸು ಮಾಡಿದರು. ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ 600ಕ್ಕೆ 600 ಬಂತು. ನನಗೆ 561. ಅಷ್ಟು ತೆಗೆದುಕೊಂಡು ನಾನು ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಪೊಳ್ಳು ಅಂತ ನನಗೇ ಗೊತ್ತಿಲ್ಲದೆ ಉಡುಪಿಯ ಒಂದು ಕಾಲೇಜಿಗೆ ಬಿ.ಎಸ್ಸಿ. ಸೇರಿದೆ.

ಕಂಪ್ಯೂಟರ್ ಸೈನ್ಸ್ ಬೇಕಿತ್ತು, ಸೀಟು ತುಂಬಿತ್ತು. ಉಳಿದದ್ದು ಮ್ಯಾಥ್ಸ್ ಮತ್ತು ಸ್ಟ್ಯಾಟಿಸ್ಟಿಕ್ಸ್. ರಾಷ್ಟ್ರೀಯ ಶಿಕ್ಷಣ ನೀತಿಯ ಮೊದಲ ಬ್ಯಾಚು ನಮ್ಮದು. ಹಳೆಯ ಮೂರು ವಿಷಯದ ಕಾಂಬಿನೇಷನ್ ಹೋಗಿ ಎರಡೇ ವಿಷಯ. ನಾಲ್ಕು ಸೆಮಿಸ್ಟರ್ ಎರಡನ್ನೂ ಸಮ ಸಮ ಓದುವುದು, ಐದನೆಯದಕ್ಕೆ ಬಂದಾಗ ಒಂದು ಮೇಜರ್, ಅಂದರೆ ಮುಖ್ಯ ವಿಷಯ, ಇನ್ನೊಂದು ಮೈನರ್. ಎರಡೂ ಮೇಜರ್ ಮಾಡಿಕೊಳ್ಳುವ ದಾರಿಯೂ ಕಾಗದದಲ್ಲಿ ಇತ್ತು. ನಮ್ಮಲ್ಲಿ ಟೈಮ್ ಟೇಬಲ್ ಹೊಂದುವುದಿಲ್ಲ ಅಂತ ಅದನ್ನು ಮೊದಲೇ ಕೈಬಿಟ್ಟಿದ್ದರು. (ಈಗ ಸೇರುವವರಿಗೆ ಈ ಲೆಕ್ಕ ಬೇರೆ. 2024ರಲ್ಲಿ ಸರ್ಕಾರ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮತ್ತೆ ಮೂರು ವರ್ಷದ, ಮೂರು ವಿಷಯದ ಡಿಗ್ರಿಗೆ ಬಂದಿದೆ.)

ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಯಾವಾಗಲೋ ಆಗಿತ್ತು. ಅಮ್ಮನಿಗೆ ನಾನು ಮ್ಯಾಥ್ಸ್ ಟೀಚರ್ ಆಗಬೇಕು. ಮಲ್ಪೆಯ ನಮ್ಮ ಕೇರಿಯಲ್ಲಿ ಒಬ್ಬರು ಟೀಚರ್ ಇದ್ದಾರೆ. ಬೆಳಗ್ಗೆ ಒಂಬತ್ತಕ್ಕೆ ಕೊಡೆ ಹಿಡಿದು ಹೋಗುತ್ತಾರೆ, ಸಂಜೆ ಐದಕ್ಕೆ ಬರುತ್ತಾರೆ, ತಿಂಗಳಿಗೆ ಸರಿಯಾಗಿ ಸಂಬಳ. ಅಪ್ಪ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವ. ಕಡಲಿಗೆ ಹೋದರೆ ಹತ್ತು ದಿನ ಸುದ್ದಿ ಇಲ್ಲ, ಜೂನ್‌–ಜುಲೈ ಎರಡು ತಿಂಗಳು ದುಡಿಮೆ ಇಲ್ಲ. ಅಂಥ ಮನೆಯಲ್ಲಿ ಐದಕ್ಕೆ ಮನೆಗೆ ಬರುವ ಕೆಲಸದ ತೂಕ ಏನು ಅಂತ ನನಗೂ ಗೊತ್ತು. ಮ್ಯಾಥ್ಸ್ ಮಾರ್ಕೂ ಅಮ್ಮನ ಪರವೇ ಇತ್ತು. ಮೂರು ಸೆಮಿಸ್ಟರಿನಲ್ಲಿ ಮ್ಯಾಥ್ಸ್ 88ರ ಆಸುಪಾಸು, ಸ್ಟ್ಯಾಟ್ಸ್ 80 ಮುಟ್ಟಿದ್ದು ಒಮ್ಮೆ ಮಾತ್ರ.

ಮೆಂಟರ್ ವಿಷಯಕ್ಕೆ ಬರುತ್ತೇನೆ. ಪ್ರತಿ ಲೆಕ್ಚರರಿಗೆ ಇಪ್ಪತ್ತು ಚಿಲ್ಲರೆ ಮಕ್ಕಳನ್ನು ಹಂಚಿರುತ್ತಾರೆ, ಒಂದು ಮೆಂಟರ್ ಡೈರಿ ಇರುತ್ತದೆ. ಸೆಮಿಸ್ಟರಿಗೆ ಎರಡು ಸಲ ಸಾಲಾಗಿ ನಿಂತು ಅದರಲ್ಲಿ ಸೈನ್ ಹಾಕುವುದು, ಅಷ್ಟೇ ಮೆಂಟರಿಂಗ್. ಕಾಲೇಜಿನ ಗುಣಮಟ್ಟ ಅಳೆದು ಗ್ರೇಡ್ ಕೊಡುವ ನ್ಯಾಕ್‌ನವರು ಬರುವ ವರ್ಷ ಈ ಡೈರಿಗೆ ಎಲ್ಲಿಲ್ಲದ ಜೀವ ಬರುತ್ತದೆ. ನಾನು ನಾಲ್ಕನೇ ಸೆಮಿಸ್ಟರಿನಲ್ಲಿ ಸೈನ್ ಹಾಕಲು ಹೋದಾಗ 'ಮೇಜರ್ ಯಾವುದು' ಅಂತ ಒಂದು ಕಾಲಂ ಇತ್ತು. ಪೆನ್ನು ಹಿಡಿದು ನಿಂತುಬಿಟ್ಟೆ. ಮೇಡಂ ತಲೆ ಎತ್ತಿ ನೋಡಿ, "ಅದನ್ನು ಖಾಲಿ ಬಿಡು. ಶನಿವಾರ ಮಧ್ಯಾಹ್ನ ಬಾ, ಎರಡೂ ಸಬ್ಜೆಕ್ಟಿನ ರಫ್ ಪುಸ್ತಕ ತಾ. ಫೇರ್ ಬೇಡ, ರಫ್" ಅಂದರು.

ಮೇಡಂ ಮ್ಯಾಥ್ಸ್ ಡಿಪಾರ್ಟ್‌ಮೆಂಟಿನವರು. ಹಾಗಾಗಿ ತೀರ್ಪು ಏನು ಬರುತ್ತದೆ ಅಂತ ನಾನು ಅಂದಾಜು ಮಾಡಿಯೇ ಹೋದದ್ದು.

ಮೊದಲು ಮ್ಯಾಥ್ಸ್ ಪುಸ್ತಕ ತೆರೆದರು. ರಫ್ ಅಂತ ಹೆಸರು ಮಾತ್ರ. ಥಿಯರಂಗಳು ದುಂಡಗೆ ಬರೆದು ಕೆಂಪು ಪೆನ್ನಿನಲ್ಲಿ ಅಡಿಗೆರೆ. ಹೊಡೆದು ಹಾಕಿದ ಒಂದು ಸಾಲೂ ಇಲ್ಲ. ಹಾಳೆ ಮಗುಚಿ ಮಗುಚಿ, "ಬೋರ್ಡಿನಲ್ಲಿ ಇದ್ದದ್ದು ಪೂರಾ ಉಂಟು" ಅಂದರು. ಆಮೇಲೆ ಸ್ಟ್ಯಾಟ್ಸ್. ಅದರ ಅವಸ್ಥೆ ತೋರಿಸಲಿಕ್ಕೆ ನನಗೇ ನಾಚಿಕೆ. ಚಹಾದ ಕಲೆ, ಅಡ್ಡಡ್ಡ ಗೀಚಿದ್ದು, ಒಂದೇ ಲೆಕ್ಕ ಮೂರು ಸಲ ತಪ್ಪು ಮಾಡಿ ನಾಲ್ಕನೆಯ ಸಲ ಮಾರ್ಜಿನ್‌ನಲ್ಲಿ ಸರಿ ಮಾಡಿದ್ದು. ಕೊನೆಯ ನಾಲ್ಕು ಹಾಳೆಯಲ್ಲಿ ಬೇರೆಯೇ ಒಂದು ಪಟ್ಟಿ ಇತ್ತು. ತಾರೀಕು, ಅದರ ಎದುರು 3, 7, 0, 11, 5... ಮೇಡಂ ಅಲ್ಲೇ ನಿಂತರು.

"ಇದು ಎಂತದ್ದು?"

"ಬಸ್ಸು ಮೇಡಂ. ಮಲ್ಪೆಯಿಂದ 8.10ರ ಬಸ್ಸು ಎಷ್ಟು ನಿಮಿಷ ತಡ ಬರ್ತದೆ ಅಂತ."

"ಯಾರು ಕೊಟ್ಟ ಅಸೈನ್‌ಮೆಂಟ್?"

"ಯಾರೂ ಕೊಡ್ಲಿಲ್ಲ. ಸುಮ್ಮನೆ ಬರೆದದ್ದು."

ಐದು ವಾರದ ಲೆಕ್ಕ ಅದು. ಕೆಳಗೆ ಸರಾಸರಿ ತೆಗೆದಿದ್ದೆ, ಏರಿಳಿತ ಎಷ್ಟು ಅಂತ ವೇರಿಯನ್ಸ್ ತೆಗೆದಿದ್ದೆ. ಇಂಥ ಎಣಿಕೆಗೆ ಬಳಸುವ ಪಾಯ್ಸಾನ್ ಸೂತ್ರ ಹೊಂದುತ್ತದೋ ನೋಡಿ, ಹೊಂದದೆ, 'ಛೆ' ಅಂತ ಕನ್ನಡದಲ್ಲಿ ಬರೆದಿದ್ದೆ. ಮೇಡಂ ಆ ಹಾಳೆಯನ್ನು ನೋಡಿದಷ್ಟು ಹೊತ್ತು ನನ್ನ ಯಾವ ಉತ್ತರ ಪತ್ರಿಕೆಯನ್ನೂ ಯಾರೂ ನೋಡಿರಲಿಕ್ಕಿಲ್ಲ. ಆದರೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಗೋಡೆಯ ಹಳೇ ಕ್ಯಾಲೆಂಡರಿನ ಒಂದು ತಿಂಗಳು ಹರಿದು, ಹಿಂದೆ ಎರಡು ಗೆರೆ ಎಳೆದು, "ಮೊದಲು ಹೆದರಿಕೆಯ ಲೆಕ್ಕ ಮುಗಿಸುವ" ಅಂದರು.

ಈ ಭಾಗ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾರಿಗಾದರೂ ಉಪಯೋಗಕ್ಕೆ ಬರುವುದು ಇದೇ. ಕಾಗದದ ಎಡಕ್ಕೆ ನಾನು ಮುಂದೆ ಮಾಡಬಹುದಾದದ್ದೆಲ್ಲ ಬರೆಯಬೇಕು, ಬಲಕ್ಕೆ ಎರಡು ಕಾಲಂ: ಮ್ಯಾಥ್ಸ್ ಮೇಜರ್ ಆದರೆ ಸಿಗುತ್ತದೋ, ಸ್ಟ್ಯಾಟ್ಸ್ ಮೇಜರ್ ಆದರೆ ಸಿಗುತ್ತದೋ. 'ಅಂತೆ' ಅಂತ ಬರೆಯುವಂತಿಲ್ಲ. ಪ್ರಾಸ್ಪೆಕ್ಟಸ್ ತೆರೆದು ಅರ್ಹತೆಯ ಸಾಲನ್ನು ಹಾಗೆಯೇ ನಕಲು ಮಾಡಬೇಕು. ಒಂದು ವಾರ ಲೈಬ್ರರಿಯ ಕಂಪ್ಯೂಟರಿನಲ್ಲಿ ಕೂತು ಮಾಡಿದೆ. ಎಂಸಿಎಗೆ ಪಿಯುಸಿಯಲ್ಲೋ ಡಿಗ್ರಿಯಲ್ಲೋ ಮ್ಯಾಥ್ಸ್ ಓದಿದ್ದರೆ ಸಾಕು, ಮೇಜರ್ ಯಾವುದಾದರೂ ಸರಿ. ಬ್ಯಾಂಕ್ ಪರೀಕ್ಷೆಗೆ ಯಾವ ಡಿಗ್ರಿಯೂ ಆದೀತು. ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಗೆ ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ವಿಷಯವಾಗಿ ಇರಬೇಕು, ಅದು ಎರಡೂ ಕಡೆ ಇತ್ತು. ಎಂ.ಎಸ್ಸಿ. ಸೇರಲು ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆಯಲ್ಲಿ ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್ ಅಂತ ಬೇರೆ ಪೇಪರೇ ಉಂಟು, ಅದರಲ್ಲಿ ಹೆಚ್ಚುಕಡಿಮೆ 30 ಪಾಲು ಮ್ಯಾಥ್ಸ್, 70 ಪಾಲು ಸ್ಟ್ಯಾಟ್ಸ್. ವ್ಯತ್ಯಾಸ ಕಂಡದ್ದು ಎಂ.ಎಸ್ಸಿ.ಯ ಎರಡು ಸಾಲಿನಲ್ಲಿ ಮಾತ್ರ. ಕೆಲವು ಕಡೆ 'ಓದಿರಬೇಕು' ಅಂತ ಇರುತ್ತದೆ, ಕೆಲವು ಕಡೆ 'ಮುಖ್ಯ ವಿಷಯವಾಗಿ ಓದಿರಬೇಕು' ಅಂತ. ಆ 'ಮುಖ್ಯ' ಎಂಬ ಒಂದು ಪದ ಇದ್ದಲ್ಲಿ ಮಾತ್ರ ಬಾಗಿಲು ಮುಚ್ಚುತ್ತದೆ.

ಎರಡು ವರ್ಷ ನಿದ್ದೆ ಕೆಡಿಸಿದ ಪ್ರಶ್ನೆ ಎರಡು ಸಾಲಿಗೆ ಇಳಿದಿತ್ತು. ಯೂಟ್ಯೂಬಿನಲ್ಲಿ 'ಡೇಟಾ ಸೈನ್ಸ್ ಮಾಡಿ, ಹನ್ನೆರಡು ಲಕ್ಷ ಪಡೆಯಿರಿ' ಅಂತ ಕೂಗುವವರ ವಿಡಿಯೊ ನೋಡಿ ಹಾಳು ಮಾಡಿದ ರಾತ್ರಿಗಳಿಗೆ ಈ ಕ್ಯಾಲೆಂಡರ್ ಹಾಳೆ ಮೊದಲೇ ಸಿಕ್ಕಿದ್ದರೆ ಒಳ್ಳೆಯದಿತ್ತು.

ಆಮೇಲೆ ಫೈನಲ್ ಇಯರ್ ತರಗತಿಗಳ ಹಿಂದಿನ ಬೆಂಚಿನಲ್ಲಿ ಎರಡು ವಾರ ಕೂರಲು ಕಳಿಸಿದರು. ಅವರದ್ದು ಹಳೇ ಸ್ಕೀಮು, ಆದರೂ ವಿಷಯ ಅದೇ ಅಲ್ಲವೆ? ಮ್ಯಾಥ್ಸ್‌ನ ರಿಯಲ್ ಅನಾಲಿಸಿಸ್ ಕ್ಲಾಸಿನಲ್ಲಿ ನಾನು ಅಚ್ಚುಕಟ್ಟಾಗಿ ನೋಟ್ಸ್ ಬರೆದೆ, ಗಡಿಯಾರವನ್ನೂ ನೋಡಿದೆ. ಸ್ಟ್ಯಾಟ್ಸ್ ಕ್ಲಾಸಿನಲ್ಲಿ ಕ್ರಾಮರ್–ರಾವ್ ಅಸಮತೆ ನಡೆಯುತ್ತಿತ್ತು. ಅಂದಾಜು ಎಷ್ಟೇ ಜಾಣತನದಿಂದ ಮಾಡಿದರೂ ಅದರ ಅಲುಗಾಟ ಒಂದು ಮಿತಿಗಿಂತ ಕೆಳಗೆ ಇಳಿಯುವುದಿಲ್ಲ ಅಂತ ಅದರ ಸಾರ. ಸರ್ ಬೋರ್ಡಿನಿಂದ ತಿರುಗಿ, "ಇದು 1945ರ ಪೇಪರು, ಬರೆದ ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಈಗ ನೂರಾ ಎರಡು ವರ್ಷ, ಇದ್ದಾರೆ ಇನ್ನೂ" ಅಂದರು. ಪುಸ್ತಕದಲ್ಲಿ ಹೆಸರಿರುವವರು ಬದುಕಿರುತ್ತಾರೆ ಅಂತ ನನಗೆ ಹೊಳೆದೇ ಇರಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಸಿ.ಆರ್. ರಾವ್ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂತು. ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಆದ ಮೇಲೂ ಜುಲೈಯಲ್ಲಿ ಫಾರ್ಮ್ ಕೊಟ್ಟಾಗ ನಾನು ತುಂಬಿದ್ದು ಮ್ಯಾಥ್ಸ್. ಅಮ್ಮ ಪಕ್ಕದಲ್ಲೇ ಕೂತು ಗಂಜಿ ಉಣ್ಣುತ್ತಿದ್ದಳು, ನನ್ನಿಂದಾಗಲಿಲ್ಲ. ಮೇಡಂ ಫಾರ್ಮ್ ನೋಡಿ, "ಸರಿ" ಅಂದರು. ಸ್ವಲ್ಪ ತಡೆದು, "ನಿನ್ನ ಅಪ್ಪ ಮಲ್ಪೆಯಲ್ಲಿ ಅಲ್ವಾ? ಬೋಟು ಶುರುವಾದ ಮೇಲೆ ಬಂದರಿನಲ್ಲಿ ಮೀನು ಎಣಿಸುವವರು ಬರ್ತಾರೆ. ಒಂದು ಬೆಳಿಗ್ಗೆ ಅವರ ಹತ್ತಿರ ಮಾತಾಡಿ ಬಾ" ಅಂದರು.

ಅವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಕೈಯಲ್ಲಿ ಪುಸ್ತಕ ಹಿಡಿದು ಧಕ್ಕೆಯಲ್ಲಿ ನಿಲ್ಲುವವರು. ಟ್ಯಾಕ್ಸ್‌ನವರು ಅಂದುಕೊಂಡಿದ್ದೆ. ಅಪ್ಪ ಇಪ್ಪತ್ತು ವರ್ಷದಿಂದ ಅವರಿಗೆ ಉತ್ತರ ಕೊಡುತ್ತಿದ್ದಾನೆ, ಅವನೂ ಹೆಚ್ಚುಕಡಿಮೆ ಹಾಗೆಯೇ ಅಂದುಕೊಂಡಿದ್ದ. ಅವರು ಸಿಎಂಎಫ್‌ಆರ್‌ಐಯವರು, ಅಂದರೆ ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ. ಮಂಗಳೂರಿನ ಹೊಯ್ಗೆಬಜಾರಿನಲ್ಲಿ ಅವರ ಕೇಂದ್ರವಿದೆ. ಆಗಸ್ಟಿನ ಒಂದು ಬೆಳಿಗ್ಗೆ ಕ್ರೇಟುಗಳ ನಡುವೆ, ಮಂಜುಗಡ್ಡೆಯ ನೀರಿನಲ್ಲಿ ಚಪ್ಪಲಿ ಜಾರಿಸಿಕೊಂಡು ಅವರ ಹಿಂದೆ ತಿರುಗಿದೆ.

"ಸರ್, ಇಷ್ಟು ಬೋಟು ಹೇಗೆ ಎಣಿಸ್ತೀರಿ?"

"ಎಲ್ಲ ಎಣಿಸಲಿಕ್ಕೆ ಯಾರಿಂದ ಆಗ್ತದೆ? 15ರ ಒಳಗಿದ್ದರೆ ಪೂರಾ. 20 ದಾಟಿದರೆ ಎರಡಕ್ಕೊಂದು, 30 ದಾಟಿದರೆ ಮೂರಕ್ಕೊಂದು."

ಯಾವ ದಿನ ಬರಬೇಕು ಅನ್ನುವುದೂ ಅವರ ಇಷ್ಟದ ಮೇಲೆ ಇಲ್ಲ. ತಿಂಗಳನ್ನು ಹತ್ತು ಹತ್ತು ದಿನದ ಮೂರು ಪಾಲು ಮಾಡಿ, ಶುರುವಿನ ದಿನವನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಕರಾವಳಿಯನ್ನು ವಲಯ ವಲಯ ಮಾಡಿ, ವಲಯದೊಳಗೆ ಬಂದರು, ದಿನ, ದಿನದೊಳಗೆ ಬೋಟು. ದೇಶದಲ್ಲಿ ಈ ವರ್ಷ ಇಷ್ಟು ಲಕ್ಷ ಟನ್ ಬಂಗುಡೆ, ಇಷ್ಟು ಬೂತಾಯಿ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು ಹೀಗೆ ಹುಟ್ಟುವುದು. ನಮ್ಮ ಪುಸ್ತಕದಲ್ಲಿ 'ಸ್ಟ್ರ್ಯಾಟಿಫೈಡ್ ಮಲ್ಟಿಸ್ಟೇಜ್ ರ‍್ಯಾಂಡಮ್ ಸ್ಯಾಂಪ್ಲಿಂಗ್' ಅಂತ ಒಂದೂವರೆ ಪುಟ ಇತ್ತು. ಪರೀಕ್ಷೆಗೆ ಬರುವುದಿಲ್ಲ ಅಂತ ಬಿಟ್ಟಿದ್ದೆ. ಅದು ನನ್ನ ಅಪ್ಪನ ಬೋಟಿನ ಪಕ್ಕದಲ್ಲಿ ಪೆನ್ನು ಹಿಡಿದು ನಿಂತಿತ್ತು.

ಮರುದಿನ ಮೇಡಂ ಹತ್ತಿರ ಹೋಗಿ ಬದಲಿಸುತ್ತೇನೆ ಅಂದೆ. ಅವರು ನಕ್ಕು, "ನನ್ನ ಡಿಪಾರ್ಟ್‌ಮೆಂಟಿಗೆ ಒಂದು ತಲೆ ಕಡಿಮೆ ಮಾಡಿದಿ ಮಾರಾಯ್ತಿ" ಅಂದರು. ತಮಾಷೆಯಾದರೂ ಪೂರ್ತಿ ತಮಾಷೆಯಲ್ಲ. ಮೇಜರ್‌ನಲ್ಲಿ ಮಕ್ಕಳು ಕಡಿಮೆಯಾದರೆ ಪಾಠದ ಅವಧಿ ಕಡಿಮೆಯಾಗುತ್ತದೆ, ಅದರ ಬಿಸಿ ತಟ್ಟುವುದು ಅತಿಥಿ ಉಪನ್ಯಾಸಕರಿಗೆ. ಒಂದು ಷರತ್ತು ಹಾಕಿದರು: ಮೈನರ್ ಆದರೂ ನನ್ನ ಅನಾಲಿಸಿಸ್ ಕ್ಲಾಸಿಗೆ ಹಾಜರಿ ಇಲ್ಲದೆ ಬಂದು ಕೂರಬೇಕು.

ಆಫೀಸಿನಲ್ಲಿ ಕತೆ ಬೇರೆ. ನನ್ನ ಹೆಸರಿನೆದುರು ಮ್ಯಾಥ್ಸ್ ಅಂತ ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲಿಗೆ ಹೋಗಿ ಆಗಿತ್ತು. "ಇನ್ನು ಆಗುದಿಲ್ಲ. ಮೊದಲೇ ಯೋಚನೆ ಮಾಡ್ಬೇಕಿತ್ತು" ಅಂತ ಕಿಟಕಿಯಿಂದಲೇ ವಾಪಸ್. ಮೂರು ಸಲ ಹೋದೆ, ಮೂರೂ ಸಲ ಬೇರೆ ಬೇರೆ ಕಾರಣ. ನಾಲ್ಕನೇ ಸಲ ಮೇಡಂ ಹೇಳಿದಂತೆ ಬಾಯಿ ಮಾತು ಬಿಟ್ಟು ಅರ್ಜಿ ಬರೆದೆ. ಎರಡೂ ವಿಭಾಗದ ಮುಖ್ಯಸ್ಥರ ಸೈನ್, ಪ್ರಿನ್ಸಿಪಾಲರ ಸೈನ್, ಇನ್‌ವರ್ಡ್ ನಂಬರ್ ಹಾಕಿಸಿ ಒಂದು ಜೆರಾಕ್ಸ್ ನನ್ನ ಹತ್ತಿರ. ಇನ್‌ವರ್ಡ್ ನಂಬರ್ ಬಿದ್ದ ಮೇಲೆ ಆಗದ ಕೆಲಸ ಎರಡು ದಿನದಲ್ಲಿ ಆಯಿತು.

ಅಮ್ಮನನ್ನು ಒಪ್ಪಿಸಿದ್ದೂ ಆ ಕ್ಯಾಲೆಂಡರ್ ಹಾಳೆಯೇ. ಅದರಲ್ಲಿ ಮೇಡಂ ಕೊನೆಗೆ ತಮ್ಮ ಕೈಯಲ್ಲಿ ಒಂದು ಸಾಲು ಸೇರಿಸಿದ್ದರು: ಪಿಯು ಕಾಲೇಜಿನಲ್ಲಿ ಎಸ್‌ಇಬಿಎ, ಪಿಸಿಎಂಎಸ್ ಕಾಂಬಿನೇಷನ್ ಉಂಟು, ಆ 'ಎಸ್' ಸ್ಟ್ಯಾಟಿಸ್ಟಿಕ್ಸ್, ಅದಕ್ಕೂ ಲೆಕ್ಚರರ್ ಬೇಕು. ಅಮ್ಮ ಓದಿಸಿ ಕೇಳಿ, "ಹಾಗಾದರೆ ಇದೂ ಟೀಚರೇ ಅಲ್ವಾ" ಅಂದಳು. ನಾನು ಹೌದು ಅಂದೆ. ಪೂರ್ತಿ ನಿಜ ಹೇಳಿದೆ ಅಂತ ಎದೆಮುಟ್ಟಿ ಹೇಳಲಾರೆ.

ಈಗ ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಓದಿನಲ್ಲಿದ್ದೇನೆ. ಮ್ಯಾಥ್ಸ್ ಮೈನರ್ ಮಾಡಿದ್ದರ ಏಟು ಬಿದ್ದಿದೆ, ಮುಚ್ಚಿಡುವುದಿಲ್ಲ. ಪ್ರೊಬಬಿಲಿಟಿ ಥಿಯರಿಯ ಮೊದಲ ತಿಂಗಳು ನನಗೆ ಗ್ರೀಕ್ ಲಿಪಿ ಬಿಟ್ಟು ಬೇರೇನೂ ಕಂಡಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಹಾಜರಿ ಇಲ್ಲದೆ ಕೂತು ಬರೆದ ಅನಾಲಿಸಿಸ್ ನೋಟ್ಸ್ ತೆಗೆದು ಮತ್ತೆ ಮೊದಲಿನಿಂದ ಓದಬೇಕಾಯಿತು. ಈ ಸಲ ಅದರಲ್ಲೂ ಗೀಚಿ ಹೊಡೆದು ಹಾಕಿದ ಸಾಲುಗಳು ಸಾಕಷ್ಟು ಆಗಿವೆ.

ಬೋಟು ಬಂದ ದಿನ ಅಪ್ಪ ಧಕ್ಕೆಯಿಂದಲೇ ಫೋನ್ ಮಾಡುತ್ತಾನೆ. ಮೊದಲೆಲ್ಲ ಎಷ್ಟು ಮೀನು, ಏನು ರೇಟು ಅಂತ ಹೇಳುತ್ತಿದ್ದ. ಹೋದ ವಾರ ಕೇಳಿದ್ದು ಬೇರೆ: "ಇವತ್ತು ಮೂರಕ್ಕೊಂದು ಎಣಿಸಿದ್ರು. ನಮ್ಮದರ ಮುಂದಿನದ್ದು ಎಣಿಸಿದ್ರು, ನಮ್ಮದು ಬಿಟ್ರು. ನಮ್ಮ ಮೀನು ಲೆಕ್ಕಕ್ಕೆ ಬರ್ತದಾ ಇಲ್ವಾ?"