ಎಲ್ ಡ್ರೈವ್ ಬಿಟ್ಟ ಕತೆ: ನನ್ನ ಅನುಭವ

ಮೈಸೂರಿನ ವಿಜಯನಗರದಲ್ಲಿ, ಮನೆ ಮೇಲಿನ ಮಹಡಿಯೇ ನಮ್ಮ ಆಫೀಸು. ಐದು ಜನ ಇದ್ದೇವೆ. ಅಕ್ಕಿ ಗಿರಣಿಯಲ್ಲಿ ಕಾಳು ಆರಿಸುವ ಕ್ಯಾಮೆರಾ ಯಂತ್ರಕ್ಕೆ ಸಿ ಪ್ಲಸ್ ಪ್ಲಸ್‌ನಲ್ಲಿ ಸಾಫ್ಟ್‌ವೇರ್ ಬರೆಯುತ್ತೇವೆ. ಅದಕ್ಕೆ ಬಳಸುವ ಲೈಬ್ರರಿಗಳು, ಅಂದರೆ ಸಿದ್ಧ ಕೋಡ್ ಕಟ್ಟುಗಳು: ಓಪನ್‌ಸಿವಿ, ಬೂಸ್ಟ್, ಜೊತೆಗೆ ನಮ್ಮದೇ ಒಂದು ಇಮೇಜ್ ಲೈಬ್ರರಿ. ಒಬ್ಬನ ಹತ್ತಿರ ಇವೆಲ್ಲ ಡಿ ಡ್ರೈವ್‌ನಲ್ಲಿ, ಇನ್ನೊಬ್ಬನದು ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲಿ. ಕೋಡ್‌ನಿಂದ ಪ್ರೋಗ್ರಾಂ ಬಿಲ್ಡ್ ಮಾಡಲು ಸಿಮೇಕ್ ಬಳಸುತ್ತೇವೆ. ವಾರಕ್ಕೊಬ್ಬರು ತಮ್ಮ ಪಾತ್ (ಫೋಲ್ಡರ್ ವಿಳಾಸ) ಸಮೇತ ಅದರ ಸಿಮೇಕ್‌ಲಿಸ್ಟ್ಸ್ ಫೈಲನ್ನು ಎಲ್ಲರ ಕೋಡ್ ಹಂಚುವ ಗಿಟ್‌ಗೆ ಪುಶ್ ಮಾಡುತ್ತಿದ್ದರು. ಮಿಕ್ಕ ನಾಲ್ವರ ಮಷಿನ್‌ನಲ್ಲಿ ಆ ಪಾತ್ ಇರಲ್ಲ, ಅವರ ಬೆಳಗ್ಗೆ ಹಾಳು.

ಸೀನಿಯರ್ ಒಬ್ಬರದು ಒಂದೇ ಮಾತು: "ಎಲ್ರೂ ಒಂದೇ ಜಾಗದಲ್ಲಿ ಇಟ್ಕೊಳ್ರಪ್ಪ, ಮುಗೀತು." ಸರಿ ಅಂತ, ಫೋಲ್ಡರನ್ನು ಡ್ರೈವ್ ಥರ ತೋರಿಸುವ ವಿಂಡೋಸ್ ಕಮಾಂಡ್ ಸಬ್‌ಸ್ಟ್ ಹಾಕಿ ಎಲ್ಲರಿಗೂ ಎಲ್ ಡ್ರೈವ್ ಮಾಡಿದೆವು. ಮಷಿನ್ ರೀಸ್ಟಾರ್ಟ್ ಆದರೆ ಡ್ರೈವೇ ಮಾಯ. ವಿಷುಯಲ್ ಸ್ಟುಡಿಯೋವನ್ನು ಅಡ್ಮಿನ್ ಆಗಿ ತೆರೆದರೂ ಕಾಣಲ್ಲ. ಲಿನಕ್ಸ್‌ನಲ್ಲಿ ಡ್ರೈವ್ ಅಕ್ಷರವೇ ಇಲ್ಲ, ಲಿನಕ್ಸ್ ಹುಡುಗ ನಕ್ಕು ಸುಮ್ಮನಾದ. ಒಂದು ಫೈಲ್‌ನಲ್ಲಿ ನಾವು ಮಾಡಿದ ಬದಲಾವಣೆಯನ್ನು ಕಡೆಗಣಿಸು ಅಂತ ಗಿಟ್‌ಗೆ ಹೇಳುವ ಸ್ಕಿಪ್ ವರ್ಕ್‌ಟ್ರೀಯನ್ನೂ ನೋಡಿದೆವು. ಬೇರೆಯವರು ಅದೇ ಫೈಲ್ ಮುಟ್ಟಿದ ದಿನ ಪುಲ್ (ಹೊಸ ಕೋಡ್ ಇಳಿಸುವುದು) ನಿಂತುಬಿಡುತ್ತಿತ್ತು. ಎಲ್ಲರಿಗೂ ಒಂದೇ ಬಿಲ್ಡ್ ವಾತಾವರಣ ಕೊಡುವ ಡಾಕರ್‌ಗೆ ನಮ್ಮ 8 ಜಿಬಿ ಲ್ಯಾಪ್‌ಟಾಪ್‌ಗಳು ಏದುಸಿರು ಬಿಟ್ಟವು. ರ್‍ಯಾಮ್‌ಗೆ ಅಂತ ಹೆಚ್ಚುಕಮ್ಮಿ 9,000 ರೂಪಾಯಿ ಹೋಯಿತು.

ನಿಜವಾದ ಪೆಟ್ಟು ಬಿದ್ದಿದ್ದು ಮಂಡ್ಯದ ಒಂದು ಗಿರಣಿಯಲ್ಲಿ. ಅವಸರದಲ್ಲಿ ನನ್ನ ಲ್ಯಾಪ್‌ಟಾಪ್‌ನಲ್ಲೇ ರಿಲೀಸ್ ಬಿಲ್ಡ್ (ಗಿರಾಕಿಗೆ ಕೊಡುವ ಪ್ರೋಗ್ರಾಂ) ಮಾಡಿದ್ದೆ. ಅದು ನಾನು ಅರ್ಧ ತಿದ್ದಿಟ್ಟಿದ್ದ ಇಮೇಜ್ ಲೈಬ್ರರಿಯನ್ನು ಎತ್ತಿಕೊಂಡಿತ್ತು. ಯಂತ್ರ ಒಳ್ಳೆ ಕಾಳನ್ನೇ ಊದಿ ಆಚೆ ಹಾಕುತ್ತಿತ್ತು. ಗಿರಣಿ ಯಜಮಾನರು, "ಏನ್ ಸಾಮಿ, ನಿಮ್ ಮಿಷಿನ್‌ಗೆ ಅಕ್ಕಿ ಯಾವ್ದು ಕಲ್ಲು ಯಾವ್ದು ಮರ್ತಂಗದಲ್ಲಾ?" ಅಂದರು. ಸುಮಾರು 40,000 ಬಾಕಿಯನ್ನು ಎರಡು ತಿಂಗಳು ಹಿಡಿದಿಟ್ಟರು. ತಪ್ಪು ನಂದೇ, ಏನು ಹೇಳಲಿ.

ಆಮೇಲೆ ಹಟ ಹಿಡಿದು ಕೂತೆ. ಬಿಲ್ಡ್ ಸೆಟ್ಟಿಂಗ್ ಬರೆದಿಡುವ ಸಿಮೇಕ್ ಪ್ರೀಸೆಟ್ಸ್ ಫೈಲ್ ಗಿಟ್‌ನಲ್ಲಿ; ಅದರಲ್ಲಿ ಜನರೇಟರ್ (ಯಾವ ಬಿಲ್ಡ್ ಟೂಲ್ ಅಂತ), ಫ್ಲ್ಯಾಗ್‌ಗಳು (ಬಿಲ್ಡ್ ಆಯ್ಕೆಗಳು) ಅಷ್ಟೇ, ಒಂದೂ ಪಾತ್ ಇಲ್ಲ. ಯೂಸರ್ ಪ್ರೀಸೆಟ್ಸ್ ಫೈಲ್ ಅವರವರದು, ಗಿಟ್‌ಇಗ್ನೋರ್‌ನಲ್ಲಿ, ಅಂದರೆ ಗಿಟ್‌ಗೆ ಹೋಗಲ್ಲ. ಅದು ಮೊದಲನೆಯದನ್ನು ಇನ್ಹೆರಿಟ್ ಮಾಡಿ (ಹಾಗೇ ಎತ್ತಿಕೊಂಡು), ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕು ಅನ್ನುವ ಪ್ರಿಫಿಕ್ಸ್ ಪಾತ್ ಮಾತ್ರ ಸೇರಿಸುತ್ತದೆ. ನಮ್ಮ ಇಮೇಜ್ ಲೈಬ್ರರಿ ಕೋಡ್ ಇಳಿಸಿಕೊಡುವ ಸಿಮೇಕ್‌ನ ಫೆಚ್‌ಕಂಟೆಂಟ್‌ನಲ್ಲಿ ಟ್ಯಾಗ್ (ಗುರುತು ಹಾಕಿದ ಆವೃತ್ತಿ) ಹಿಡಿದು ಬರುತ್ತದೆ. ಯಾರಿಗೆ ಅದನ್ನು ತಿದ್ದುವ ಕೆಲಸವೋ ಅವರು ತಮ್ಮ ಫೈಲ್‌ನಲ್ಲಿ ಅದರ ಸೋರ್ಸ್ ಡೈರ್ ವೇರಿಯಬಲ್‌ಗೆ ತಮ್ಮ ಕೋಡ್ ಫೋಲ್ಡರ್ ಕೊಟ್ಟರೆ ಲೋಕಲ್ ಕಾಪಿ ಬರುತ್ತದೆ.

ಮೊದಲ ದಿನವೇ ಎಡವಿದೆ. ಡಿ ಡ್ರೈವ್‌ನ 'ನನ್ನ' ಫೋಲ್ಡರ್, ಅದರೊಳಗೆ ಬೂಸ್ಟ್, ಎರಡೂ ಇಂಗ್ಲಿಷ್ ಅಕ್ಷರದಲ್ಲಿ. ವಿಂಡೋಸ್ ರೂಢಿಯಲ್ಲಿ ಒಂಟಿ ಬ್ಯಾಕ್‌ಸ್ಲ್ಯಾಶ್ ಹಾಕಿದ್ದೆ. ಈ ಫೈಲ್‌ಗಳು ಜೇಸನ್ ಅನ್ನುವ ರೂಪದಲ್ಲಿವೆ. ಜೇಸನ್‌ಗೆ ಬ್ಯಾಕ್‌ಸ್ಲ್ಯಾಶ್ ಮುಂದಿನ ಎನ್ ಅಂದರೆ ಹೊಸ ಸಾಲು, ಬಿ ಅಂದರೆ ಬ್ಯಾಕ್‌ಸ್ಪೇಸ್. ಎರಡೂ ಸರಿಯಾದ ಎಸ್ಕೇಪ್‌ಗಳೇ (ವಿಶೇಷ ಅಕ್ಷರದ ಸಂಕೇತಗಳು), ಹಾಗಾಗಿ ಜೇಸನ್ ತಪ್ಪು ಅಂತ ಯಾರೂ ಹೇಳಲಿಲ್ಲ. ಬೂಸ್ಟ್ ಮಾತ್ರ ಸಿಗಲಿಲ್ಲ. ಅರ್ಧ ದಿನ ಹೋಯಿತು. ಈಗ ಎಲ್ಲೆಲ್ಲೂ ಮುಂದಕ್ಕೆ ಬಾಗಿದ ಸ್ಲ್ಯಾಶೇ. ಪಾತ್ ಬದಲಿಸಿದರೂ ಹಳೆ ಓಪನ್‌ಸಿವಿಯೇ ಬರುತ್ತಿದ್ದರೆ ಅದು ಹಳೆಯದನ್ನು ನೆನಪಿಟ್ಟುಕೊಳ್ಳುವ ಸಿಮೇಕ್ ಕ್ಯಾಶ್ ಕೆಲಸ, ಸಿಮೇಕ್‌ಗೆ ಫ್ರೆಶ್ ಅನ್ನುವ ಆಯ್ಕೆ ಕೊಟ್ಟು ಓಡಿಸಿ, ಸಿಮೇಕ್ 3.24ರಿಂದ ಇದೆ. ಲಿನಕ್ಸ್ ಹುಡುಗನದು ಉಬುಂಟು 20.04, ಜೊತೆಗೆ ಬಂದ ಸಿಮೇಕ್ 3.16. ಪ್ರೀಸೆಟ್ಸ್ ಬಂದಿದ್ದೇ 3.19ರಲ್ಲಿ. ಈ ಸಲ ನಗೋದು ನಮ್ಮ ಸರದಿ.

  

ರಿಲೀಸ್ ಬಿಲ್ಡ್‌ಗೆ ಯಾರ ಲೋಕಲ್ ಪಾತೂ ನುಸುಳದ ಹಾಗೆ ಏಳೆಂಟು ಸಾಲಿನ ಒಂದು ಕಾವಲು ಇಟ್ಟಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ಆಫೀಸಿಗೆ ಬಂದು ಕಾಫಿ ಕೊಡಿಸಿದರೆ ತೋರಿಸುತ್ತೇನೆ.

ಹೋದ ತಿಂಗಳು ಮಂಡ್ಯದಿಂದ ಒಬ್ಬ ಹೊಸ ಹುಡುಗ ಸೇರಿದ. ಮೊದಲಾದರೆ ಬಿಲ್ಡ್ ಆಗಲು ಎರಡು ದಿನ. ಇವನು ಹನ್ನೊಂದರ ಟೀಗೆ ಮೊದಲೇ ಮುಗಿಸಿದ. ಸೀನಿಯರ್ ಏನೂ ಮಾತಾಡಲಿಲ್ಲ. ಅವರ ಯೂಸರ್ ಪ್ರೀಸೆಟ್ಸ್ ತೆರೆದು ನೋಡಿದರೆ ಇವತ್ತಿಗೂ ಎಲ್ ಡ್ರೈವ್ ಪಾತ್ ಇದೆ. ಇರಲಿ ಬಿಡಿ, ಅದು ಅವರ ಫೈಲು ಅಲ್ವಾ.