ಅಟ್ಟಕ್ಕೆ ಕಂಬಳಿ ಹೊದಿಸುವ ಮುಂಚೆ ತೂತು ಮುಚ್ಚಿ

ಹೋದ ಮಾರ್ಚ್‌ನಲ್ಲಿ ಗೆಳೆಯರೊಬ್ಬರ ಫೋನ್ ಬಂತು. "ಸಾರ್, ಅಟ್ಟಕ್ಕೆ ಒಂದೂವರೆ ಅಡಿ ಇನ್ಸುಲೇಶನ್ ತುಂಬಿಸಿದೀನಿ, ಈಗ ನೋಡಿದ್ರೆ ಬೆಡ್‌ರೂಮ್ ಸೀಲಿಂಗ್ ಸೋರ್ತಿದೆ, ರೂಫೇ ಹೋಯ್ತು ಅನ್ಸುತ್ತೆ." ಹೋಗಿ ನೋಡಿದೆ. ರೂಫ್ ಗಟ್ಟಿಯಾಗಿಯೇ ಇತ್ತು. ಬಚ್ಚಲುಮನೆ ಫ್ಯಾನಿನ ಪೈಪ್ ಮಾತ್ರ ಅಟ್ಟದಲ್ಲೇ ಬಾಯಿ ತೆರೆದುಕೊಂಡು ಬಿದ್ದಿತ್ತು. ಚಳಿಗಾಲವಿಡೀ ಮನೆಮಂದಿಯ ಸ್ನಾನದ ಹಬೆ ಮೇಲೆ ಹೋಗಿ, ರೂಫಿನ ಹಲಗೆಯಿಂದ ಇಣುಕುವ ಮೊಳೆಗಳ ಮೇಲೆ ಹಿಮವಾಗಿ ಕೂತು, ಬಿಸಿಲು ಬಂದ ದಿನ ಕರಗಿ ತೊಟ್ಟಿಕ್ಕುತ್ತಿತ್ತು. ಸೋರಿದ್ದು ಮಳೆಯಲ್ಲ, ಅವರದ್ದೇ ಸ್ನಾನ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಾವಿರುವುದು 1920ರ ದಶಕದ ಮನೆ. ಇಲ್ಲಿನ ಕನ್ನಡದವರಲ್ಲಿ ಇಂಥ ಹಳೇ ಮನೆ ಕೊಂಡವರು ಕೆಲವರಿದ್ದಾರೆ, ಮೊದಲ ಚಳಿಗಾಲದ ಗ್ಯಾಸ್ ಬಿಲ್ ನೋಡಿದ ಕೂಡಲೇ ಎಲ್ಲರೂ ಓಡುವುದು ಅಂಗಡಿಗೆ, ಇನ್ಸುಲೇಶನ್, ಅಂದರೆ ಬಿಸಿ ಹೊರಹೋಗದಂತೆ ಅಟ್ಟಕ್ಕೆ ತುಂಬುವ ಮಾಲಿನ ಚೀಲ ತರಲಿಕ್ಕೆ. ಅಲ್ಲೇ ಎಡವಟ್ಟು. ಹೊರಗೆ ಮೈನಸ್ 25 ಡಿಗ್ರಿ ಇರುವಾಗ ಮನೆಯೇ ಒಂದು ಹೊಗೆಗೂಡು. ಬಿಸಿಗಾಳಿ ಮೇಲೇರಿ ಸಿಕ್ಕ ಸಂದಿಯಲ್ಲೆಲ್ಲ ಅಟ್ಟಕ್ಕೆ ನುಗ್ಗುತ್ತದೆ. ಕೆಳಗಿಂದ ತಣ್ಣಗಿನ ಗಾಳಿ ಒಳಗೆ ಬರುತ್ತದೆ. ಆ ಸಂದಿಗಳನ್ನು ಬಿಟ್ಟು ಮೇಲೆ ಎಷ್ಟು ಸುರಿದರೂ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ. ಮೇಲೆ ಹೋದ ಬಿಸಿಗೆ ರೂಫಿನ ಹಿಮ ಕರಗುತ್ತದೆ, ನೀರು ಇಳಿದು ಸೂರಿನ ತಣ್ಣನೆಯ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟುತ್ತದೆ, ಅಲ್ಲೊಂದು ಐಸಿನ ಕಟ್ಟೆ ಏಳುತ್ತದೆ, ಅದರ ಹಿಂದೆ ನಿಂತ ನೀರು ರೂಫಿಗೆ ಹೊದಿಸಿದ ಶಿಂಗಲ್ ಬಿಲ್ಲೆಗಳ ಕೆಳಗಿಂದ ಗೋಡೆಗೆ ಇಳಿಯುತ್ತದೆ. ಇದಕ್ಕೆ ರೂಫಿನ ಅಂಚಿಗೆ ಬಿಸಿಯಾಗುವ ಕರೆಂಟ್ ಕೇಬಲ್ ಹಾಕಿಸಿ ಎಂದು ಮಾರುವವರಿದ್ದಾರೆ. ಬೇಡ. ಬಿಸಿ ಸೋರುತ್ತಿದೆ ಎಂದು ಇನ್ನಷ್ಟು ಬಿಸಿ ಕೊಂಡುಕೊಳ್ಳುವುದು ಯಾವ ಲೆಕ್ಕ?

ಮೊದಲು ಟಾರ್ಚ್ ಹಿಡಿದು ಹತ್ತಿ

ಕೆಲಸ ಶುರು ಮಾಡುವುದಲ್ಲ, ಸುಮ್ನೆ ನೋಡುವುದು. ಎರಡು ವಸ್ತು ಕಂಡರೆ ಹಾಗೇ ಇಳಿದು ಬನ್ನಿ.

ಒಂದು, ಜಾಯಿಸ್ಟ್‌ಗಳ, ಅಂದರೆ ಸೀಲಿಂಗ್ ಹೊತ್ತ ಅಡ್ಡತೊಲೆಗಳ ನಡುವೆ ಬೂದು-ಕಂದು ಬಣ್ಣದ, ಹೊಳೆಯುವ, ಪದರ ಪದರವಾದ ಸಣ್ಣ ಹರಳು. ಹೂಕುಂಡದ ಮಣ್ಣಿಗೆ ಬೆರೆಸುವ ವರ್ಮಿಕ್ಯುಲೈಟ್ ನೋಡಿದ್ದೀರಲ್ಲ, ಅದೇ. ಹಳೇ ಅಮೆರಿಕನ್ ಮನೆಗಳ ವರ್ಮಿಕ್ಯುಲೈಟ್‌ನಲ್ಲಿ ಬಹುಪಾಲು ಬಂದದ್ದು ಮೊಂಟಾನಾದ ಲಿಬ್ಬಿ ಗಣಿಯಿಂದ. ಆ ಗಣಿಯಲ್ಲಿ ಆಸ್ಬೆಸ್ಟಾಸ್, ಅಂದರೆ ಉಸಿರಿನಲ್ಲಿ ಒಳಹೋದರೆ ಶ್ವಾಸಕೋಶ ಕೆಡಿಸುವ ಖನಿಜದ ನಾರು, ಬೆರೆತಿತ್ತು, 1990ರಲ್ಲಿ ಮುಚ್ಚಿತು. ಇದ್ದರೆ ಆಸ್ಬೆಸ್ಟಾಸ್ ಇದೆ ಎಂದೇ ತಿಳಿದು ಕೈ ಹಾಕಬೇಡಿ, ಗುಡಿಸಬೇಡಿ, ಅದಕ್ಕೆಂದೇ ಲೈಸೆನ್ಸ್ ಇರುವವರನ್ನು ಕರೆಯಿರಿ.

ಎರಡು, ಕರೆಂಟ್ ಕಂಬದ ಪಿಂಗಾಣಿ ಬಟ್ಟಲಿನ ಮರಿಯಂಥ ಬಿಳಿ ಗುಬ್ಬಿಗಳ ಮೇಲೆ ಹಾದುಹೋದ ಒಂಟಿ ವೈರ್‌ಗಳು. ಇದು ನಾಬ್ ಆ್ಯಂಡ್ ಟ್ಯೂಬ್ ವೈರಿಂಗ್. ಸುತ್ತ ಗಾಳಿ ಆಡಿದರೆ ಮಾತ್ರ ಇದು ತಣ್ಣಗಿರುತ್ತದೆ. ಮೇಲೆ ಇನ್ಸುಲೇಶನ್ ಮುಚ್ಚಿದಿರೋ ಬಿಸಿ ಏರುತ್ತಲೇ ಹೋಗುತ್ತದೆ. ಎಲೆಕ್ಟ್ರಿಶಿಯನ್ ಬಂದು ಬದಲಿಸುವ ತನಕ ತುಂಬುವ ಮಾತೇ ಇಲ್ಲ. "ಇದು ಕರೆಂಟ್ ಇಲ್ಲದ ಹಳೇ ವೈರ್" ಎಂದು ಮನೆ ಮಾರಿದವರು ಹೇಳಿದ್ದರೆ ನಂಬಬೇಡಿ, ಪರೀಕ್ಷೆ ಮಾಡಿಸಿ.

ಹಾಗೆಯೇ ಫ್ಯಾನ್ ಪೈಪ್ ರೂಫಿನಿಂದ ಹೊರಗೆ ಹೋಗಿದೆಯಾ ನೋಡಿ. ಹೋಗಿಲ್ಲವಾದರೆ ನನ್ನ ಗೆಳೆಯರನ್ನು ನೆನೆಸಿಕೊಳ್ಳಿ.

ತೂತು ಮುಚ್ಚುವುದು: ಇಲ್ಲೇ ಎಲ್ಲ ಇರುವುದು

ಇದಕ್ಕೆ ಒಂದು ಇಡೀ ವಾರಾಂತ್ಯ ಎತ್ತಿಡಿ. ಸೆಪ್ಟೆಂಬರ್ ಕೊನೆ ಒಳ್ಳೆಯದು. ಬೇಸಿಗೆಯಲ್ಲಿ ಅಟ್ಟ ಕಾದ ಕಾವಲಿ, ಕಡು ಚಳಿಯಲ್ಲಿ ಸಂದಿಗೆ ಹೊಡೆಯುವ, ಉಬ್ಬಿ ಗಟ್ಟಿಯಾಗುವ ಫೋಮ್ ಸರಿಯಾಗಿ ಉಬ್ಬುವುದಿಲ್ಲ. ಮಾಸ್ಕ್, ಕನ್ನಡಕ, ಕೈಗವಸು, ತಲೆಗೆ ಗಟ್ಟಿ ಟೋಪಿ ಬೇಕು. ಟೋಪಿ ಯಾಕೆ ಅಂದರೆ ಮೇಲಿನ ಮೊಳೆಗಳು. ಫೋಮ್ ಕೂದಲಿಗೆ ತಾಗಿದರೆ ಬಿಡುವುದೇ ಇಲ್ಲ, ನಾನು ಎರಡು ವಾರ ಒಂದು ಕಡೆ ಬೋಳು ತಲೆಯಲ್ಲಿ ಆಫೀಸಿಗೆ ಹೋಗಿದ್ದೇನೆ. ಕಾಲಿಡುವುದು ಜಾಯಿಸ್ಟ್ ಮೇಲೆ ಮಾತ್ರ. ಒಂದು ಹಲಗೆ ಅಡ್ಡ ಹಾಕಿಕೊಂಡರೆ ಕೆಳಗಿನ ಕೋಣೆಯವರಿಗೆ ನಿಮ್ಮ ಕಾಲು ಕಾಣುವುದು ತಪ್ಪುತ್ತದೆ.

ಸಂದಿ ಎಲ್ಲಿದೆ ಎಂದು ಹಳೇ ಇನ್ಸುಲೇಶನ್ನೇ ಹೇಳುತ್ತದೆ. ಗುಲಾಬಿ ಫೈಬರ್‌ಗ್ಲಾಸ್ ಎತ್ತಿ ನೋಡಿ, ಎಲ್ಲಿ ಕಪ್ಪಾಗಿದೆಯೋ ಅಲ್ಲಿ ವರ್ಷಗಟ್ಟಲೆ ಗಾಳಿ ನುಗ್ಗಿ ಧೂಳು ಸೋಸಿದೆ. ಅನೇಕರು ಅದನ್ನು ಬೂಷ್ಟು ಅಂದುಕೊಂಡು ಬ್ಲೀಚ್ ಹೊಡೆಯುತ್ತಾರೆ! ಇನ್ನೊಂದು ಉಪಾಯ, ಚಳಿ ಇರುವ ದಿನ ಕೆಳಗಿನ ಕೋಣೆಯಲ್ಲಿ ಸ್ಟೂಲ್ ಹತ್ತಿ ಸೀಲಿಂಗ್ ಲೈಟಿನ ಹತ್ತಿರ ಊದಿನಕಡ್ಡಿ ಹಿಡಿಯಿರಿ, ಹೊಗೆ ಸರ್ರನೆ ಮೇಲೆ ಎಳೆದುಕೊಂಡರೆ ಅಲ್ಲೊಂದು ತೂತಿದೆ. ಕೆಳಗಿನ ಕೋಣೆಯಲ್ಲಿ ಎಂದೆ, ಅಟ್ಟದಲ್ಲಿ ಕಡ್ಡಿ ಹಚ್ಚಬೇಡಿ ಮತ್ತೆ.

ದೊಡ್ಡ ಕಳ್ಳರಿಂದ ಶುರು ಮಾಡಿ. ಮೊದಲನೆಯದು ಚಿಮಣಿ. ಇಟ್ಟಿಗೆ ಚಿಮಣಿಗೂ ಸುತ್ತಲಿನ ಮರಕ್ಕೂ ನಡುವೆ ಎರಡು ಇಂಚು ಬಿಟ್ಟಿರುತ್ತಾರೆ, ಬೆಂಕಿಯ ಭಯಕ್ಕೆ. ಆ ಸಂದಿ ನೆಲಮಾಳಿಗೆಯಿಂದ ಅಟ್ಟದವರೆಗೆ ನೇರ ಬಾವಿ. ಇದಕ್ಕೆ ಫೋಮ್ ಹಾಕಲೇಬಾರದು, ಡಬ್ಬದ ಮೇಲೆ ಬೆಂಕಿ ತಡೆಯುತ್ತದೆ ಎಂದು ಬರೆದಿದ್ದರೂ ಬೇಡ. ತಗಡು ಕತ್ತರಿಸಿ ನಾಲ್ಕೂ ಕಡೆ ಮರಕ್ಕೆ ಮೊಳೆ ಹೊಡೆದು, ಇಟ್ಟಿಗೆಗೆ ತಾಗುವ ಅಂಚಿಗೆ ಹೆಚ್ಚು ಶಾಖ ತಡೆಯುವ ಕಾಲ್ಕ್, ಅಂದರೆ ಸಂದಿ ಮುಚ್ಚುವ ಅಂಟು, ಬಳಿಯಿರಿ. ಆಮೇಲೆ ಚಿಮಣಿಯಿಂದ ಎರಡು ಇಂಚು ದೂರದಲ್ಲಿ ಸುತ್ತಲೂ ತಗಡಿನ ಬೇಲಿ ನಿಲ್ಲಿಸಿ, ನಾಳೆ ಸುರಿಯುವ ಇನ್ಸುಲೇಶನ್ ಅದಕ್ಕೆ ತಾಗದ ಹಾಗೆ.

ಎರಡನೆಯದು ಹಳೇ ಮನೆಗಳದ್ದೇ ವಿಶೇಷ, ಬಲೂನ್ ಫ್ರೇಮಿಂಗ್. ಗೋಡೆಯೊಳಗಿನ ಪೊಳ್ಳು ಕೆಳಗಿಂದ ಮೇಲಿನವರೆಗೆ ಎಲ್ಲೂ ಅಡ್ಡಪಟ್ಟಿಯೇ ಇಲ್ಲದೆ ಅಟ್ಟಕ್ಕೆ ತೆರೆದಿರುತ್ತದೆ. ಟಾರ್ಚ್ ಬಿಟ್ಟರೆ ಕತ್ತಲು ಕಾಣುತ್ತದೆ, ತಳ ಕಾಣುವುದಿಲ್ಲ. ಮುಚ್ಚದೆ ತುಂಬಲು ಹೋದರೆ ಅರ್ಧ ಮಾಲು ಗೋಡೆಯೊಳಗೇ ಮಾಯ. ಎರಡು ಇಂಚಿನ ಫೋಮ್ ಬೋರ್ಡನ್ನು ಅಳತೆಗೆ ಕತ್ತರಿಸಿ ಕೂರಿಸಿ, ಅಂಚಿಗೆ ಫೋಮ್ ಗನ್ ಓಡಿಸಿ. ಸಂದಿ ವಕ್ರವಾಗಿದ್ದರೆ ಕಸದ ಪ್ಲಾಸ್ಟಿಕ್ ಚೀಲಕ್ಕೆ ಹಳೇ ಫೈಬರ್‌ಗ್ಲಾಸ್ ತುರುಕಿ ಗಂಟುಕಟ್ಟಿ ತೂತಿಗೆ ಒತ್ತಿ, ಸುತ್ತ ಫೋಮ್ ಹೊಡೆಯಿರಿ. ಕಾಣಲು ಚಂದ ಇಲ್ಲ, ಕೆಲಸ ಮಾಡುತ್ತದೆ. ಚೀಲವಿಲ್ಲದೆ ಬರೀ ಫೈಬರ್‌ಗ್ಲಾಸ್ ತುರುಕಿದರೆ ಅದು ಗಾಳಿ ಸೋಸುವ ಜರಡಿ ಅಷ್ಟೇ.

ಮೂರನೆಯದು ಒಳಗೋಡೆಗಳ ನೆತ್ತಿ. ಮರದ ಪಟ್ಟಿಗೂ ಗಾರೆಗೂ ನಡುವೆ ಕೂದಲೆಳೆಯಷ್ಟು ಬಿರುಕು, ಆದರೆ ಮನೆಯುದ್ದಕ್ಕೂ ಇರುತ್ತದೆ. ಬೇಜಾರಿನ ಕೆಲಸ ಇದೇ, ಎಲ್ಲರೂ ಬಿಡುವುದೂ ಇದನ್ನೇ. ಮೊಣಕಾಲ ಮೇಲೆ ತೆವಳುತ್ತಾ ಒಂದೊಂದೇ ಗೋಡೆಗೆ ಫೋಮ್ ಎಳೆ ಎಳೆಯಿರಿ. ವೈರ್ ಇಳಿದ ತೂತು, ಕೊಳಾಯಿಯ ಗಾಳಿಕೊಳವೆಯ ಸುತ್ತು, ಅಡುಗೆಮನೆ ಬೀರುವಿನ ಮೇಲೆ ಇಳಿಸಿ ಕಟ್ಟಿದ ಪೊಳ್ಳು ಸೀಲಿಂಗ್, ಎಲ್ಲ ಮುಚ್ಚಿ. ಫೋಮಿಗೆ ಗನ್ನೇ ತಗೊಳ್ಳಿ, ಸ್ಟ್ರಾ ಸಿಕ್ಕಿಸಿದ ಡಬ್ಬ ಅರ್ಧ ಬಳಸಿ ಇಟ್ಟರೆ ಮರುದಿನ ಕಲ್ಲು.

ಸೀಲಿಂಗಿನೊಳಗೆ ಹುದುಗಿದ ಹಳೇ ಡಬ್ಬಿ ಲೈಟ್ ಇದ್ದರೆ ಅದರ ಮೇಲೆ ಐಸಿ ಎಂಬ ಗುರುತಿದೆಯಾ ನೋಡಿ, ಇನ್ಸುಲೇಶನ್ ತಾಗಿದರೂ ಪರವಾಗಿಲ್ಲ ಎಂದು ಅದರರ್ಥ. ಇಲ್ಲದಿದ್ದರೆ ಇನ್ಸುಲೇಶನ್ ಮೂರು ಇಂಚು ದೂರ ಇರಬೇಕು. ನನ್ನನ್ನು ಕೇಳಿದರೆ ಕಿತ್ತು ಹೊಸ ಎಲ್‌ಇಡಿ ಹಾಕಿಸಿ, ಪೀಡೆ ಹೋಗಲಿ.

ಸೂರು, ಬಾಗಿಲು

ಸೂರಿನ ಕೆಳಗಿನ ಗಾಳಿಕಂಡಿ ಮುಚ್ಚಿಹೋಗದ ಹಾಗೆ ರಾಫ್ಟರ್‌ಗಳ, ಅಂದರೆ ರೂಫ್ ಹೊತ್ತ ಓರೆ ತೊಲೆಗಳ, ಪ್ರತಿ ನಡುವೆಯೂ ಬ್ಯಾಫಲ್, ಅಂದರೆ ಗಾಳಿಗೆ ದಾರಿ ಬಿಡುವ ತಟ್ಟೆ, ಹೊಡೆಯಿರಿ. ಅಟ್ಟದ ಬಾಗಿಲ ಸುತ್ತ ಪ್ಲೈವುಡ್ ಕಟ್ಟೆ, ಬಾಗಿಲ ಬೆನ್ನಿಗೆ ಫೋಮ್ ಬೋರ್ಡ್, ಅಂಚಿಗೆ ರಬ್ಬರ್ ಪಟ್ಟಿ. ಅಷ್ಟೇ.

ಯಾವ ಮಾಲು, ಎಷ್ಟು

ಸೆಲ್ಯುಲೋಸ್ ತಗೊಳ್ಳಿ. ಅದು ರದ್ದಿ ಪೇಪರ್ ಅರೆದು, ಬೆಂಕಿ ಹಿಡಿಯದಂತೆ ಬೋರೇಟ್ ಬೆರೆಸಿದ್ದು. ಈ ಪುರವಣಿಗೂ ಹಾಗೊಂದು ಮರುಜನ್ಮ ಸಿಗಬಹುದು. ಸೆಲ್ಯುಲೋಸ್‌ಗೆ ಇಂಚಿಗೆ ಸುಮಾರು 3.5 ಆರ್-ವ್ಯಾಲ್ಯೂ, ಅಂದರೆ ಶಾಖ ತಡೆಯುವ ಶಕ್ತಿ. ಮೆಷಿನ್‌ನಿಂದ ಊದುವ ಫೈಬರ್‌ಗ್ಲಾಸ್‌ಗೆ 2.5ರ ಆಸುಪಾಸು. 1990ರ ದಶಕದ ಆರಂಭದಲ್ಲಿ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಪರೀಕ್ಷಿಸಿದಾಗ, ಆಗಿನ ಹಗುರ ಫೈಬರ್‌ಗ್ಲಾಸ್ ಕಡು ಚಳಿಯಲ್ಲಿ ತನ್ನೊಳಗೇ ಗಾಳಿ ಸುತ್ತಲು ಬಿಟ್ಟು ಶಕ್ತಿ ಕಳೆದುಕೊಳ್ಳುವುದು ಕಂಡಿತ್ತು. ಈಗಿನದು ಸುಧಾರಿಸಿದೆ, ಆದರೂ ನನ್ನ ಮತ ಪೇಪರ್ರಿಗೇ. ಬೆಳ್ಳಿ ಹಾಳೆ ಹಾಸಿ ಚಳಿ ತಡೆಯುತ್ತೇವೆ ಎಂದು ಮನೆ ಬಾಗಿಲಿಗೆ ಬರುವವರನ್ನು ಕಾಫಿ ಕೊಟ್ಟು ಕಳಿಸಿ.

ನಮ್ಮಂಥ ಚಳಿ ಊರಿಗೆ ಆರ್-49ರಿಂದ 60 ಬೇಕು. ಸೆಲ್ಯುಲೋಸ್ ಆದರೆ 14ರಿಂದ 17 ಇಂಚು. ಇದು ಕುಸಿದು ಕೂತ ಮೇಲಿನ ಅಳತೆ, ಆದ್ದರಿಂದ ಸುರಿಯುವಾಗ ಜಾಸ್ತಿಯೇ ಇರಬೇಕು. ಚೀಲದ ಮೇಲೆ ಪಟ್ಟಿ ಇರುತ್ತದೆ, ಎಷ್ಟು ಚದರಡಿಗೆ ಎಷ್ಟು ಚೀಲ ಎಂದು. ಇಂಚಿಗಿಂತ ಚೀಲದ ಲೆಕ್ಕ ಮುಖ್ಯ. ಕೆಲವು ಕಂಟ್ರಾಕ್ಟರ್‌ಗಳು ಊದುವ ಮೆಷಿನ್‌ನ ಗಾಳಿ ಹೆಚ್ಚಿಸಿ ಮಾಲನ್ನು ಕಡಲೆಪುರಿ ಮಾಡಿ ಆಳ ತೋರಿಸುತ್ತಾರೆ, ಎರಡು ವರ್ಷಕ್ಕೆ ಅದು ಇಳಿದಿರುತ್ತದೆ. ಬೇರೆಯವರ ಕೈಲಿ ಮಾಡಿಸಿದರೆ ಖಾಲಿ ಚೀಲ ಎಣಿಸದೆ ದುಡ್ಡು ಕೊಡಬೇಡಿ. ಗಾರೆ ಸೀಲಿಂಗ್ ಆಗಲೇ ಜೋತು ಬಿದ್ದಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಪೇಪರ್ರಿಗೂ ಭಾರ ಇದೆ.

ಊದುವುದು

ಇದು ಸುಲಭ. ಮೆಷಿನ್ ಬಾಡಿಗೆಗೆ ಸಿಗುತ್ತದೆ, ಇಷ್ಟು ಚೀಲ ಕೊಂಡರೆ ಪುಕ್ಕಟೆ ಕೊಡುವ ಅಂಗಡಿಗಳೂ ಇವೆ. ಕೆಳಗೊಬ್ಬರು ಚೀಲ ಒಡೆದು ಉಂಡೆ ಪುಡಿಮಾಡಿ ಮೆಷಿನ್‌ನ ಬಾಯಿಗೆ ಹಾಕಬೇಕು, ಮೇಲೊಬ್ಬರು ಹೋಸ್ ಹಿಡಿದು ದೂರದ ಮೂಲೆಯಿಂದ ಬಾಗಿಲ ಕಡೆಗೆ ಹಿಂದೆ ಸರಿಯುತ್ತಾ ಬರಬೇಕು. ಅಲ್ಲಲ್ಲಿ ಇಂಚುಪಟ್ಟಿ ಮೊದಲೇ ಹೊಡೆದಿಡಿ. ಮೆಷಿನ್ ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲ, ಫೋನ್ ಕಿವಿಗೆ ಸಿಕ್ಕಿಸಿಕೊಳ್ಳಿ. ನನ್ನ ಹೆಂಡತಿ ಹೋಸ್ ಅಲ್ಲಾಡಿಸಿ ಸನ್ನೆ ಮಾಡುತ್ತೇನೆ ಅಂದಳು. ಕಟ್ಟಿಕೊಂಡ ಹೋಸ್ ನಾನು ನೋಡಲು ಬಗ್ಗಿದಾಗಲೇ ಬಿಟ್ಟುಕೊಂಡಿತು, ಆಮೇಲಿನ ಮಾತು ಇಲ್ಲಿ ಬೇಡ.

ಎಲ್ಲ ಮುಗಿದ ಮೇಲೆ ನೆಲಮಾಳಿಗೆಯ ಗ್ಯಾಸ್ ಗೀಸರ್ ನೋಡುವುದನ್ನು ಮರೆಯಬೇಡಿ. ಮನೆ ಬಿಗಿಯಾದಾಗ ಹಳೇ ಥರದ ಗೀಸರ್‌ನ ಹೊಗೆ ಚಿಮಣಿಗೆ ಹೋಗದೆ ವಾಪಸ್ ಮನೆಗೆ ಬರಬಹುದು. ಒಮ್ಮೆ ಟೆಕ್ನಿಶಿಯನ್ ಕರೆಸಿ ಪರೀಕ್ಷಿಸಿ, ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ.

ಮೊದಲ ಹಿಮ ಬಿದ್ದ ಮಾರನೆಯ ಬೆಳಗ್ಗೆ ಬೀದಿಗೆ ಹೋಗಿ ನಿಮ್ಮ ರೂಫ್ ನೋಡಿ. ಎಲ್ಲ ಕಡೆ ಒಂದೇ ಸಮ ಬಿಳಿ ಇದ್ದರೆ ಸರಿ. ನಡುವೆ ಎಲ್ಲೋ ಕರಗಿ ಶಿಂಗಲ್ ಕಾಣುತ್ತಿದ್ದರೆ ಅದರ ಕೆಳಗೆ ಒಂದು ತೂತು ಉಳಿದಿದೆ. ನಮ್ಮದರಲ್ಲಿ ಬಚ್ಚಲುಮನೆಯ ಮೇಲೆ ಊಟದ ತಟ್ಟೆಯಗಲ ಕಂಡಿತು. ಏಪ್ರಿಲ್‌ನಲ್ಲಿ ಟೋಪಿ ಹಾಕಿಕೊಂಡು ಮತ್ತೆ ಹತ್ತಿದೆ.