ಮನೆತನದ ಬಲವಿಲ್ಲದೆ ಪಕ್ಷ ರಾಜಕಾರಣಕ್ಕೆ: ಬೂತ್‌ನಿಂದ ಶುರುಮಾಡುವುದು ಹೇಗೆ?

ಮನೆಯಲ್ಲಿ ಯಾರೂ ರಾಜಕಾರಣದಲ್ಲಿಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ಇಂಥ ಹುಡುಗ ಹುಡುಗಿಯರು ಪಕ್ಷ ಸೇರಿದಾಗ ಮೊದಲು ಮಾಡುವ ಖರ್ಚು ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್. ಅದು ಹರಿದುಹೋದ ಮೇಲೆ ನಿಮ್ಮ ಹೆಸರು ಯಾರಿಗೂ ನೆನಪಿರುವುದಿಲ್ಲ. ಅದರ ಬದಲು ನಿಮ್ಮ ಬೂತ್‌ನ ಮತದಾರರ ಪಟ್ಟಿ ಕೈಗೆ ತೆಗೆದುಕೊಳ್ಳಿ. ಆ ಕೆಲಸಕ್ಕೆ ಎಲ್ಲ ಪಕ್ಷಕ್ಕೂ ಜನ ಬೇಕು, ಬರುವವರು ಮಾತ್ರ ಕಡಿಮೆ.

ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಭಾಗದ ಪಟ್ಟಿ ಸಿಗುತ್ತದೆ. ಪ್ರಿಂಟ್ ತೆಗೆಸಿ, ಕ್ರಮಸಂಖ್ಯೆ ಹಿಡಿದು ಮನೆ ಮನೆಗೆ ಹೋಗಿ. ಸಂಜೆ ಆರರ ನಂತರ ಅಥವಾ ಭಾನುವಾರ ಬೆಳಿಗ್ಗೆ ಹೋದರೆ ಜನ ಸಿಗುತ್ತಾರೆ. ತೀರಿಕೊಂಡವರಿಗೆ ಒಂದು ಗುರುತು, ಊರು ಬಿಟ್ಟವರಿಗೆ ಇನ್ನೊಂದು, 18 ತುಂಬಿಯೂ ಹೆಸರಿಲ್ಲದವರಿಗೆ ಮತ್ತೊಂದು ಹಾಕಿ. ಮದುವೆಯಾಗಿ ಹೋದ ಮಗಳ ಹೆಸರು ತವರಿನಲ್ಲೇ ಉಳಿದಿರುತ್ತದೆ. ಬಂದ ಸೊಸೆಯ ಹೆಸರು ಇರುವುದಿಲ್ಲ. ಒಂದೇ ಮನೆಯವರು ಎರಡು ಬೂತ್‌ಗೆ ಹಂಚಿಹೋಗಿರುತ್ತಾರೆ. ಎರಡು ವಾರ ಹೀಗೆ ತಿರುಗಿದರೆ ಬೀದಿಯ ಬಗ್ಗೆ ನಿಮಗೆ ಗೊತ್ತಾಗುವಷ್ಟು ತಾಲ್ಲೂಕು ಮುಖಂಡರಿಗೂ ಗೊತ್ತಿರುವುದಿಲ್ಲ.

ಹೊಸ ಹೆಸರಿಗೆ ನಮೂನೆ 6, ತೆಗೆಸಲು 7, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ 8. ಈ ಕೆಲಸ ಅಧಿಕೃತವಾಗಿ ಮಾಡಲು ಪಕ್ಷದಿಂದ ಬಿಎಲ್‌ಎ-2, ಅಂದರೆ ಬೂತ್ ಮಟ್ಟದ ಏಜೆಂಟ್ ಆಗಿ ನೇಮಕ ಮಾಡಿಸಿಕೊಳ್ಳಿ. ಬ್ಲಾಕ್ ಅಥವಾ ಮಂಡಲ ಅಧ್ಯಕ್ಷರ ಹತ್ತಿರ ಹೋಗುವಾಗ ಗುರುತು ಹಾಕಿದ ಪಟ್ಟಿ ಕೈಯಲ್ಲಿರಲಿ. ಖಾಲಿ ಕೈಯಲ್ಲಿ ಹೋದವರಿಗೆ "ನೋಡೋಣ" ಎನ್ನುವುದೇ ಉತ್ತರ. ಏಜೆಂಟ್ ಆದವರು ಬಿಎಲ್‌ಒಗೆ, ಅಂದರೆ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಸರ್ಕಾರಿ ಅಧಿಕಾರಿಗೆ, ದಿನಕ್ಕೆ 10ಕ್ಕಿಂತ ಹೆಚ್ಚು ಅರ್ಜಿ ಕೊಡುವಂತಿಲ್ಲ, ಒಟ್ಟು 30 ದಾಟಿದರೆ ಮೇಲಧಿಕಾರಿಗಳೇ ಪರಿಶೀಲಿಸುತ್ತಾರೆ. ವಿರೋಧಿಗಳ ಹೆಸರು ತೆಗೆಸಲು ನಮೂನೆ 7ಕ್ಕೆ ಸಹಿ ಹಾಕು ಎಂದು ಯಾರೇ ಹೇಳಿದರೂ ಹಾಕಬೇಡಿ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಇದೆ, ಸಿಕ್ಕಿಬೀಳುವುದು ಸಹಿ ಹಾಕಿದವರೇ.

ಮತದಾನದ ದಿನ ಮತಗಟ್ಟೆಯಲ್ಲಿ ಪಕ್ಷದ ಏಜೆಂಟ್ ಆಗಿ ಕೂರುವುದು ಎರಡನೇ ಪರೀಕ್ಷೆ. ಮತದಾನಕ್ಕೆ 90 ನಿಮಿಷ ಮೊದಲು ಯಂತ್ರ ಪರೀಕ್ಷಿಸುವ ಅಣಕು ಮತದಾನ ಶುರುವಾಗುತ್ತದೆ. ಕನಿಷ್ಠ 50 ಮತ ಹಾಕಬೇಕು. ಅದು ಮುಗಿದ ಮೇಲೆ ಯಂತ್ರದ "ಕ್ಲಿಯರ್" ಗುಂಡಿ ಒತ್ತಿದ್ದಾರೋ, ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್ ಪೆಟ್ಟಿಗೆಯಿಂದ ಚೀಟಿ ತೆಗೆದಿದ್ದಾರೋ ಕಣ್ಣಾರೆ ನೋಡಿ. ಇದು ಮರೆತರೆ ಎಣಿಕೆಯ ದಿನ ಲೆಕ್ಕ ತಾಳೆಯಾಗುವುದಿಲ್ಲ. ಮತಯಂತ್ರದ ಕಂಟ್ರೋಲ್ ಯೂನಿಟ್ ಸಂಖ್ಯೆ ಬರೆದುಕೊಳ್ಳಿ. ಸಂಜೆ ನಮೂನೆ 17ಸಿ, ಅಂದರೆ ಬೂತ್‌ನಲ್ಲಿ ಬಿದ್ದ ಮತಗಳ ಲೆಕ್ಕದ ಪ್ರತಿ ಪಡೆಯದೆ ಎದ್ದು ಬರಬೇಡಿ. ಆಯಾಸದಲ್ಲಿ ಅದನ್ನು ಬಿಟ್ಟು ಬರುವವರೇ ಹೆಚ್ಚು. ರಾತ್ರಿಯೇ ಅದನ್ನು ಪಕ್ಷದ ತಾಲ್ಲೂಕು ಕಚೇರಿಗೆ ಮುಟ್ಟಿಸುವವರ ಹೆಸರು ಮುಂದಿನ ಸಲ ತಾನಾಗಿ ಪಟ್ಟಿಗೆ ಬರುತ್ತದೆ.

ಇಷ್ಟಾದ ಮೇಲೆ ಯುವ ಘಟಕದಲ್ಲಿ ಹೊಣೆ ಕೇಳಿ. ಆಮೇಲೆ ಗ್ರಾಮ ಪಂಚಾಯಿತಿ. 21 ತುಂಬಿದರೆ ಸಾಕು, ಪಕ್ಷದ ಚಿಹ್ನೆ ಇರುವುದಿಲ್ಲ, ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಆದ್ದರಿಂದ ಹುಡುಗಿಯರಿಗೆ ಇದು ನಿಜವಾದ ಬಾಗಿಲು. ಆದರೆ ಪಂಚಾಯಿತಿ ಕಾಮಗಾರಿಯ ಗುತ್ತಿಗೆ ನಿಮ್ಮ ಹೆಸರಲ್ಲಿದ್ದರೆ ಅನರ್ಹರಾಗುತ್ತೀರಿ, ಮೊದಲೇ ಬಿಡಿಸಿಕೊಳ್ಳಿ. ಸರ್ಕಾರಿ ನೌಕರಿಯಲ್ಲಿರುವವರಂತೂ ಪಕ್ಷದ ಸದಸ್ಯತ್ವವನ್ನೇ ತೆಗೆದುಕೊಳ್ಳುವಂತಿಲ್ಲ.

ಕೋಚಿಂಗ್ ಸೆಂಟರ್ ನಡೆಸುತ್ತಿದ್ದ ಪ್ರದೀಪ್ ಈಶ್ವರ್ 2023ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಸಚಿವ ಕೆ. ಸುಧಾಕರ್ ಅವರನ್ನು ಸೋಲಿಸಿದ್ದು ನಿಜ. ಆದರೆ ಅದನ್ನು ನೆಚ್ಚಿಕೊಂಡು ಯಾರೂ ಲೆಕ್ಕ ಹಾಕಬಾರದು. ವಿಧಾನಸಭೆಗೆ 25 ವರ್ಷ ತುಂಬಿರಬೇಕು, ಠೇವಣಿ ₹10,000, ಪರಿಶಿಷ್ಟ ಜಾತಿ, ಪಂಗಡದವರಿಗೆ ₹5,000. ಟಿಕೆಟ್ ಘೋಷಣೆಯಾದರೂ ಬಿ ಫಾರಂ, ಅಂದರೆ ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ, ಕೈಗೆ ಬರುವವರೆಗೆ ನಂಬಬೇಡಿ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3ರೊಳಗೆ ಅದು ಚುನಾವಣಾಧಿಕಾರಿಯ ಮೇಜಿನ ಮೇಲಿರಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ (ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರ) ಸಾಕು, ಪಕ್ಷೇತರರಿಗೆ 10 ಮಂದಿ ಬೇಕು. ಕೊನೇ ಗಳಿಗೆಯಲ್ಲಿ ಬಿ ಫಾರಂ ಬೇರೆಯವರ ಪಾಲಾದರೆ ಒಬ್ಬನೇ ಸೂಚಕನ ನಾಮಪತ್ರ ತಿರಸ್ಕೃತವಾಗುತ್ತದೆ. ಅದಕ್ಕೇ ಒಂದು ಪ್ರತಿಯಲ್ಲಾದರೂ 10 ಸೂಚಕರ ಸಹಿ ಹಾಕಿಸಿ ಸಲ್ಲಿಸಿ.